ಹಬೆ ಇಸ್ತ್ರಿಯದು, ಕಾಫಿ ನಮ್ಮದು

ಗೋರೆಗಾಂವ್, ಮುಂಬೈ

ಪ್ರೀತಿಯ ಅತ್ತಿಗೆ,

"ಅರ್ಧ ನಿಮಿಷದ ಜಾಹೀರಾತಿಗೆ ಅಷ್ಟೊಂದು ಜನ ಯಾಕಪ್ಪಾ?" ಅಂತ ಫೋನಿನಲ್ಲಿ ಕೇಳಿದ್ದಿರಲ್ಲ, ಸಮಾಧಾನವಾಗಿ ಬರೆಯುತ್ತೇನೆ. ಕಂಪನಿ ಹೆಸರು ಮಾತ್ರ ಕೇಳಬೇಡಿ, ಟೀವಿಯಲ್ಲಿ ಬರುವ ತನಕ ಹೇಳುವಂತಿಲ್ಲ. ಫಿಲ್ಟರ್ ಕಾಫಿ ಪುಡಿ ಅಂದರೆ ಸಾಕು.

ಶೂಟಿಂಗ್ ಇಲ್ಲಿನ ಫಿಲ್ಮ್ ಸಿಟಿಯಲ್ಲಿ. 1977ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಡಿದ್ದು. ಹಿಂದೆಯೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ; ರಾತ್ರಿ ಒಬ್ಬರೇ ಓಡಾಡಬೇಡಿ, ಚಿರತೆ ಬರುತ್ತೆ ಅಂತಾನೆ ಕಾವಲುಗಾರ. ಅಣ್ಣನಿಗೆ ಇದನ್ನು ಓದಿ ಹೇಳಬೇಡಿ.

ಬೆಂಗಳೂರಲ್ಲಿ ನಾವು ಬರೆದ ಕಥೆಯಲ್ಲಿ ಅಜ್ಜಿ, ಮಳೆ, ರೈಲು ಎಲ್ಲ ಇದ್ದವು. ಸೆಕೆಂಡಿಗೆ 25ರಂತೆ ಮೂವತ್ತು ಸೆಕೆಂಡಿಗೆ 750 ಫ್ರೇಮು, ಅದರಲ್ಲೂ ಕೊನೆಯದೆಲ್ಲ ಪೊಟ್ಟಣ ತೋರಿಸಲಿಕ್ಕೇ ಬೇಕು. ಡೈರೆಕ್ಟರ್ ಸ್ಟಾಪ್‌ವಾಚ್ ಒತ್ತಿದರು: ರೈಲು ಹೋಯಿತು, ಮಳೆ ಹೋಯಿತು, ಅಜ್ಜಿ ಉಳಿದರು. ಅದೂ ಕೈ ಮಾತ್ರ.

ನಿಜವಾದ ಪೇಚಾಟ ನಿಮ್ಮ ಮನೆಯಲ್ಲೂ ಇರುವ ಸ್ಟೀಲ್ ಲೋಟ-ಡಬರಿಯದು. ಹೊಳೆಯುವ ಲೋಟದಲ್ಲಿ ಕ್ಯಾಮೆರಾ, ಲೈಟು, ಬಾಯಿ ಬಿಟ್ಟುಕೊಂಡು ನಿಂತ ನಾನು, ಎಲ್ಲ ಕಾಣುತ್ತೇವೆ! ಸುತ್ತ ಬಿಳಿ ಬಟ್ಟೆ ಕಟ್ಟಿ, ಲೆನ್ಸಿಗಷ್ಟೇ ಕಿಂಡಿ ಬಿಟ್ಟರು. ಹಾಲು ಸುರಿಯುವುದನ್ನು ಸೆಕೆಂಡಿಗೆ ಸಾವಿರ ಫ್ರೇಮಿನಲ್ಲಿ ಹಿಡಿಯುತ್ತಾರೆ. ಒಂದು ಸೆಕೆಂಡು ಪರದೆಯ ಮೇಲೆ ನಲವತ್ತಾಗಿ ಹಿಗ್ಗುತ್ತದೆ. ಅದಕ್ಕೆ ಬೇಕಾಗುವ ಬೆಳಕೋ, ಬೇಸಿಗೆಯ ರಾಯಚೂರು! ಅಷ್ಟರಲ್ಲೇ ಕಾಫಿಗೆ ಕೆನೆ ಕಟ್ಟುತ್ತದೆ, ನೊರೆ ಇಳಿಯುತ್ತದೆ, ಮತ್ತೆ ಹೊಸ ಲೋಟ.

ನೊರೆ ನಿಲ್ಲಲಿ ಅಂತ ಫುಡ್ ಸ್ಟೈಲಿಸ್ಟ್ ಸೋಪಿನ ನೀರು ಕಲಕಿ ತಂದರು. ಡೈರೆಕ್ಟರ್ ಬೇಡವೇ ಬೇಡ ಅಂದುಬಿಟ್ಟರು. ಊಟದ ಹೊತ್ತಿಗೆ ಅವರು ಹೇಳಿದ ಅಮೆರಿಕದ ಕಥೆ ಕೇಳಿ. ಕೋಲ್ಗೇಟ್-ಪಾಮೋಲಿವ್‌ನವರು ತಮ್ಮ ಶೇವಿಂಗ್ ಕ್ರೀಮು ಮರಳು ಕಾಗದವನ್ನೂ ಬೋಳಿಸುತ್ತೆ ಅಂತ ತೋರಿಸಿದ್ದರಂತೆ. ಅದು ಕಾಗದವೇ ಅಲ್ಲ, ಪಾರದರ್ಶಕ ಪ್ಲಾಸ್ಟಿಕ್ ಹಲಗೆಗೆ ಅಂಟಿಸಿದ ಮರಳು. ನಿಜವಾದ ಕಾಗದವಾಗಿದ್ದರೆ ಸುಮಾರು 80 ನಿಮಿಷ ನೆನೆಯಬೇಕಿತ್ತು. 1965ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದು ಮೋಸ ಅಂತಲೇ ಹೇಳಿತು. ಕ್ಯಾಂಪ್‌ಬೆಲ್ ಸೂಪಿನ ಬಟ್ಟಲಲ್ಲಿ ತರಕಾರಿ ಮೇಲೆ ಕಾಣಲಿ ಅಂತ ತಳಕ್ಕೆ ಗಾಜಿನ ಗೋಲಿ ಹಾಕಿದ್ದೂ ತಕರಾರಾಯಿತು. ನಮ್ಮಲ್ಲೂ ದೂರು ಕೇಳಲು 1985ರಿಂದ ಜಾಹೀರಾತು ಮಾನದಂಡ ಮಂಡಳಿ ಇದೆ.

ಹಾಗಾಗಿ ಇಲ್ಲಿನ ಲೆಕ್ಕ ವಿಚಿತ್ರ. ಕಿಟಕಿಯಾಚೆಯ ಬೆಳಗು ಸುಳ್ಳು, ಗೋಡೆ ಪ್ಲೈವುಡ್ಡು, ಹಬೆ ಬಟ್ಟೆ ಇಸ್ತ್ರಿ ಮಾಡುವ ಸ್ಟೀಮರಿನದು. ಮಾರುವ ಕಾಫಿ ಮಾತ್ರ ಅಪ್ಪಟ. ನನಗೆ ಈ ಗೆರೆ ಪೂರ್ತಿ ಒಪ್ಪಿಗೆಯಿಲ್ಲ. ಕಾಫಿಯ ಬಿಸಿಯನ್ನು ಹೇಳುವುದೇ ಆ ಹಬೆಯಲ್ಲವೇ? ಕೇಳಿದರೆ ಡೈರೆಕ್ಟರ್ ನಕ್ಕು, ನಿನ್ನ ಮನೆಯಲ್ಲೂ ಹಬೆ ಬರುತ್ತಲ್ಲ, ಕ್ಯಾಮೆರಾಗೆ ಕಾಣಲ್ಲ ಅಷ್ಟೆ ಅಂದರು. ಅದೂ ಸರಿಯೇ, ಕೋರ್ಟಿಗೂ ಅದು ಸರಿಯೇ ಇರಬೇಕು.

ಮಾಟುಂಗಕ್ಕೆ ಹೋಗಿ ರಾಮಾ ನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಬಾಳೆಎಲೆ ಊಟ ಮಾಡಿಬಂದೆ. ಸಾರು ಚೆನ್ನಾಗಿತ್ತು, ನಿಮ್ಮದರ ಮಾತು ಬೇರೆ.

ಒಂದು ಕೆಲಸ ಮಾಡಿ: ಟೀವಿಯಲ್ಲಿ ನನ್ನ ಹೆಸರು ಬರುತ್ತೆ ಅಂತ ಅಮ್ಮ ಪಕ್ಕದ ಮನೆಗೆಲ್ಲ ಹೇಳಿಕೊಂಡು ಬರುವ ಮೊದಲೇ ತಡೆಯಿರಿ. ಜಾಹೀರಾತಿನಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ಇಪ್ಪತ್ತು ಸೆಕೆಂಡಿನದೂ ಒಂದು ಮಾಡುತ್ತಾರಂತೆ, ಅದರಲ್ಲಿ ಅಜ್ಜಿಯ ಕೈಯೂ ಇರುವುದು ಅನುಮಾನ.

ನಿಮ್ಮ ಮೈದುನ