ಹೊಳವು ಸಿಗದ ಮಳೆಗಾಲ

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟಗಳಲ್ಲಿ ಮಳೆಗಾಲ ಹಿಡಿಯುವ ಮೊದಲೇ ಕೊಳೆರೋಗಕ್ಕೆ ಒಂದನೇ ಔಷಧಿ ಹೊಡೆದು ಮುಗಿದಿರುತ್ತಿತ್ತು. 40-45 ದಿನ ಬಿಟ್ಟು ಎರಡನೆಯದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಪ್ಪ ಆ ನೀಲಿ ದ್ರಾವಣದಲ್ಲಿ ಕತ್ತಿಯ ತುದಿ ಅದ್ದಿ ನೋಡುತ್ತಿದ್ದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೀಳುತ್ತಿತ್ತು. ಹದ ಬಂದ ಮೇಲೆ ಕೊನೆಗೌಡರು ಕಾಲಿಗೆ ತಳೆ ಹಾಕಿ ಮರ ಏರುತ್ತಿದ್ದರು. ಮರದಿಂದ ಮರಕ್ಕೆ ತುದಿಯಲ್ಲೇ ದಾಟಿ, ಸಾಕಷ್ಟು ಮರ ಮುಗಿಸಿಯೇ ಕೆಳಗಿಳಿಯುತ್ತಿದ್ದರು. ಅಂಥ ಕಸುಬುದಾರರು ಈಗ ಊರಿಗೆ ಒಬ್ಬರೋ ಇಬ್ಬರೋ. ಉಳಿದ ಕೆಲಸ ಉದ್ದನೆಯ ದೋಟಿಯದು.

ಔಷಧಿ ಬರುವ ಮೊದಲು ಅಡಿಕೆ ಕೊನೆಗೆ ಕೊಟ್ಟೆಯ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇಂದಿಗೂ ನಮಗೆ ಅದೇ ಮದ್ದು.

ಆದರೆ ಮದ್ದು ಕೊನೆಯ ಮೇಲೆ ಒಣಗಿ ಅಂಟಬೇಕಲ್ಲ! ಅದಕ್ಕೆ ಮಳೆ ಬಿಟ್ಟ ಕೆಲವು ತಾಸಿನ ಹೊಳವು ಬೇಕು. ಆರಿದ್ರೆ, ಪುನರ್ವಸು ಮಳೆ ಎಷ್ಟೇ ಜೋರಾಗಿ ಹೊಡೆದರೂ ನಡುನಡುವೆ ಹೊಳವು ಸಿಗುತ್ತಿತ್ತು. ಆ ನಂಬಿಕೆಯ ಮೇಲೆ ಆಳು ಹೇಳುತ್ತಿದ್ದೆವು. ಈಗ ಆ ನಂಬಿಕೆ ಉಳಿದಿಲ್ಲ. 2019ರಲ್ಲಿ ಜೂನ್ ತಿಂಗಳಿಡೀ ಮೋಡ ನೋಡುತ್ತ ಕೂತೆವು; ಆಗಸ್ಟ್ ಮೊದಲ ವಾರ ಹೊಳೆ ತೋಟಕ್ಕೇ ಬಂತು. “ಹೆಗಡೇರೆ, ಮರ ಜಾರ್ತದೆ, ಇವತ್ತು ಹತ್ತೂಕಾಗೂದಿಲ್ಲ” ಎಂದು ಕೊನೆಗೌಡರು ದಿನವೂ ತಿರುಗಿ ಹೋಗುತ್ತಿದ್ದರು. ಮರದ ಬುಡದಲ್ಲಿ ಕೊಳೆತ ಎಳೆಯಡಿಕೆ ಹಾಸಿಬಿದ್ದಿತ್ತು. ಅದನ್ನು ಬುಟ್ಟಿಗಟ್ಟಲೆ ಹೆಕ್ಕುವಾಗಿನ ಸಂಕಟ ಬೆಳೆಗಾರನಿಗೇ ಗೊತ್ತು. 2023ರ ಆಗಸ್ಟ್ ಇದಕ್ಕೆ ತದ್ವಿರುದ್ಧ. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಮಳೆಯ ಈ ಏರುಪೇರಿಗೆ ಬಿಸಿಯೇರುವ ಹವೆಯೂ ಒಂದು ಕಾರಣ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ; ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಇತ್ತೀಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಬೇಯಿಸಿದ ಅಡಿಕೆ ಅಟ್ಟದ ಮೇಲೇ ಬೂಸಲು ಹಿಡಿಯುತ್ತದೆ.

ನಾನು ಕಂಡಂತೆ, ಈ ಏರುಪೇರನ್ನು ಹೆಚ್ಚು ತಾಳಿಕೊಂಡವು ಮೇಲೆ ಬೆಟ್ಟ ಉಳಿಸಿಕೊಂಡ ತೋಟಗಳು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದಲೂ ಇದೆ. ಸೊಪ್ಪು, ದರಕು, ಗೊಬ್ಬರ ಎಲ್ಲ ಅಲ್ಲಿಂದಲೇ. ಮಳೆನೀರು ಇಂಗುವುದೂ ಅಲ್ಲೇ, ಬೇಸಿಗೆಯಲ್ಲಿ ಕೆಳಗಿನ ಬಾವಿಗೆ ಒರತೆ ಬರುವುದೂ ಅಲ್ಲಿಂದಲೇ. ಮರಗಳು ಇಂಗಾಲವನ್ನು ಹಿಡಿದಿಡುವುದು ಬೇರೆ. ಎಷ್ಟೋ ಕಡೆ ಆ ಬೆಟ್ಟ ಬೋಳಾಗಿದೆ, ಇಲ್ಲವೇ ಅಕೇಶಿಯಾ ತುಂಬಿದೆ. ಕೆಳಗೆ ಕೊಳವೆಬಾವಿ ಕೊರೆಸುವುದರಲ್ಲಿ ಮಾತ್ರ ನಾವು ಮುಂದು.

ನಮ್ಮ ಕೇರಿಯ ಕೆಲವರು ಬೆಟ್ಟದಲ್ಲಿ ಇಂಗುಗುಂಡಿ ತೋಡಿ, ಮತ್ತಿ, ಹೊನ್ನೆ, ಮುರುಗಲು ನೆಟ್ಟಿದ್ದಾರೆ. ತೋಟದ ಬಸಿಗಾಲುವೆ ಆಳ ಮಾಡಿದ್ದಾರೆ. ಅಡಿಕೆಯೊಂದನ್ನೇ ನೆಚ್ಚದೆ ಕಾಳುಮೆಣಸು, ಜಾಯಿಕಾಯಿ ಏರಿಸಿದ್ದಾರೆ. ಕೊಳೆ ಪೂರಾ ಹೋಗಿಲ್ಲ. ಆದರೆ ಬುಡದಲ್ಲಿ ನೀರು ನಿಲ್ಲುವುದು ತಪ್ಪಿದೆ, ಏಪ್ರಿಲ್‌ನಲ್ಲೂ ಬಾವಿ ಬತ್ತಿಲ್ಲ.

ತೋಟ ವಿಸ್ತರಿಸಲು ಹೊರಟ ತರುಣರಲ್ಲಿ ನನ್ನದೊಂದು ಬಿನ್ನಹ: ಹೊಸ ಸಸಿಗೆ ಗುಂಡಿ ತೋಡುವ ಮೊದಲು ಬೆಟ್ಟ ಹತ್ತಿ ನೋಡಿ. ಅಲ್ಲಿ ಮರವಿಲ್ಲದಿದ್ದರೆ ಈ ಮಳೆಗಾಲದ ಮೊದಲ ಗಿಡ ಅಲ್ಲೇ ನೆಡಿ.