ಹಾಡನ್ನು ತಿದ್ದಿದ ಗಾಯಕ

ಪಾಲ್ ರೋಬ್ಸನ್ ಎಂಬ ಹೆಸರನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಕೇಳಿರಬಹುದು. ಪಾಠ ಬೇಗನೆ ಮುಗಿದ ದಿನ ಆ ಮಹಾಗಾಯಕರ ಕಥೆ ಹೇಳುವುದು ನನ್ನ ರೂಢಿಯಾಗಿತ್ತು. ಆದರೆ ಆ ಕಥೆಯ ಒಂದು ಭಾಗವನ್ನು ನಾನೆಂದೂ ಹೇಳಲಿಲ್ಲ. ಇಂದು ಬರೆಯುತ್ತಿದ್ದೇನೆ, ಕಾರಣವನ್ನು ಕೊನೆಯಲ್ಲಿ ನಿವೇದಿಸುವೆ.

ರೋಬ್ಸನ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪ್ರಿನ್ಸ್‌ಟನ್‌ನಲ್ಲಿ. ತಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪಾದ್ರಿಯಾದವರು. ಮಗ ಕಾನೂನು ಪದವಿ ಪಡೆದರೂ ರಂಗಭೂಮಿಗೂ ಸಂಗೀತಕ್ಕೂ ಒಲಿದರು. ‘ಶೋ ಬೋಟ್’ ಸಂಗೀತ ನಾಟಕದ 1928ರ ಲಂಡನ್ ಪ್ರಯೋಗದಲ್ಲಿ ಅವರು ಹಾಡಿದ ‘ಓಲ್ ಮ್ಯಾನ್ ರಿವರ್’ ಅವರ ಹೆಸರಿನೊಂದಿಗೇ ಬೆಸೆದುಹೋಯಿತು. ಮಿಸಿಸಿಪ್ಪಿ ನದಿಯ ದಡದಲ್ಲಿ ಮೂಟೆ ಹೊರುವ ಕಪ್ಪು ಕೂಲಿಯಾಳಿನ ಹಾಡದು. ಸಾಹಿತ್ಯ ಬಿಳಿಯರಾದ ಆಸ್ಕರ್ ಹ್ಯಾಮರ್‌ಸ್ಟೀನ್ ಅವರದು, ಸಂಗೀತ ಜೆರೋಮ್ ಕರ್ನ್ ಅವರದು. ಕೂಲಿಯ ನೋವಿನ ಬಗೆಗೆ ಅದರಲ್ಲಿ ಮರುಕವಿತ್ತು, ನಿಜ. ಆದರೆ ಕಪ್ಪು ಜನರನ್ನು ಹೀಗಳೆಯುವ ಪದವೂ ಇತ್ತು, ಅವರನ್ನು ಕುಡುಕರಂತೆ ಕಾಣಿಸುವ ಮಾತೂ ಇತ್ತು. ಕೊನೆಯಲ್ಲಿ ದಣಿದು ಕೈಚೆಲ್ಲುವ ಭಾವವಿತ್ತು.

ಸಾಹಿತ್ಯ ತನ್ನದಲ್ಲ ಎಂದು ರೋಬ್ಸನ್ ಸುಮ್ಮನಿರಬಹುದಿತ್ತು. ಹಾಗೆ ಮಾಡಲಿಲ್ಲ. 1930ರ ದಶಕದ ಕೊನೆಯ ಹೊತ್ತಿಗೆ ತಮ್ಮ ಕಛೇರಿಗಳಲ್ಲಿ ಆ ಮಾತುಗಳನ್ನು ತಾವೇ ಬದಲಿಸಿದರು. ದಣಿವಿದ್ದ ಜಾಗದಲ್ಲಿ ಹೋರಾಟದ ಸಂಕಲ್ಪವನ್ನಿಟ್ಟರು. ಅದೇ ಕಂಠ, ಅದೇ ರಾಗ. ಹಾಡಿನೊಳಗಿನ ಮನುಷ್ಯ ಮಾತ್ರ ತಲೆಯೆತ್ತಿ ನಿಂತ.

ಎಲ್ಲವನ್ನೂ ಹೀಗೆ ತಿದ್ದಲಾಗದು. ಆಫ್ರಿಕದ ಸಂಗೀತ, ಸಂಸ್ಕೃತಿಗಳಿಗೆ ಗೌರವ ದೊರೆಯುವುದೆಂದು ನಂಬಿ ಅವರು 1935ರ ‘ಸ್ಯಾಂಡರ್ಸ್ ಆಫ್ ದ ರಿವರ್’ ಚಿತ್ರದಲ್ಲಿ ನಟಿಸಿ ಹಾಡಿದ್ದರು. ತೆರೆಗೆ ಬಂದದ್ದು ಬ್ರಿಟಿಷ್ ಆಳ್ವಿಕೆಯ ಗುಣಗಾನ. ಅದರಲ್ಲಿ ಆಫ್ರಿಕದವರು ಬಿಳಿಯ ಅಧಿಕಾರಿಯಿಲ್ಲದೆ ಬಾಳಲರಿಯದ ಮಕ್ಕಳು. ಆ ಚಿತ್ರ ತನ್ನದಲ್ಲವೆಂದು ರೋಬ್ಸನ್ ಬಹಿರಂಗವಾಗಿ ತಿರಸ್ಕರಿಸಿದರು. 1942ರ ‘ಟೇಲ್ಸ್ ಆಫ್ ಮ್ಯಾನ್‌ಹಟನ್’ ಚಿತ್ರದಲ್ಲಿ ಮತ್ತೆ ಎಡವಿದರು. ಅದನ್ನೂ ಬಹಿರಂಗವಾಗಿ ಖಂಡಿಸಿ, ಹಾಲಿವುಡ್ಡಿಗೆ ವಿದಾಯ ಹೇಳಿದರು. ಸದುದ್ದೇಶವಿತ್ತೆಂಬುದನ್ನು ಅವರು ಗುರಾಣಿಯಾಗಿ ಹಿಡಿಯಲಿಲ್ಲ.

ಇನ್ನು ನನ್ನ ಕಾರಣ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಪ್ರೌಢಶಾಲೆಯೊಂದಕ್ಕೆ ನಾನು ಹೊಸದಾಗಿ ಸೇರಿದ್ದ ದಿನಗಳು. ಸ್ನೇಹ ಸಮ್ಮೇಳನಕ್ಕೆಂದು ‘ಕಾಡುಜನರ ಕುಣಿತ’ವೊಂದನ್ನು ಕಲಿಸಿದೆ; ಅರ್ಥವಿಲ್ಲದ ಕೂಗುಗಳ ಹಾಡನ್ನೂ ನಾನೇ ಕಟ್ಟಿದೆ. ತರಗತಿಯಲ್ಲಿ ಸಿದ್ದಿ ಸಮುದಾಯದ ಹುಡುಗನೊಬ್ಬನಿದ್ದ. ಅವನ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಬಂದವರು. ಅವನನ್ನೇ ಮುಂದೆ ನಿಲ್ಲಿಸಿದೆ. ಉಳಿದವರ ಮುಖಕ್ಕೆ ಮಸಿ ಬಳಿಯುತ್ತ, “ನಿನಗೆ ಇದು ಬೇಡ ಬಿಡೋ” ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕನೆಂದು ನನ್ನ ನೆನಪು. ಆ ನೆನಪನ್ನು ಈಗ ನಾನು ನಂಬಲಾರೆ.

ಅವರ ಜನರಲ್ಲಿ ಡಮಾಮಿ ಬಾರಿಸಿ ಹಾಡಿ ಕುಣಿಯುವ ಸ್ವಂತ ಪರಂಪರೆಯಿದೆ. “ನಿಮ್ಮ ಮನೆಯ ಹಾಡೊಂದನ್ನು ಕಲಿಸುತ್ತೀಯಾ?” ಎಂದು ಅವನನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ಅದೇ ವರ್ಷ, ಅದೇ ತರಗತಿಯಲ್ಲಿ, ರೋಬ್ಸನ್ ಅವರ ಹಿರಿಮೆಯನ್ನು ಕಣ್ಣು ತುಂಬಿ ವರ್ಣಿಸಿದ್ದೆ!

ಆಗ ಎಲ್ಲ ಶಾಲೆಗಳಲ್ಲೂ ಹಾಗೆಯೇ ನಡೆಯುತ್ತಿತ್ತೆಂದು ಆತ್ಮೀಯರೊಬ್ಬರು ಸಮಾಧಾನ ಹೇಳಿದರು. ಆದರೆ ಹಾಡು ಕಟ್ಟಿದವನು ನಾನು, ಕಾಲವಲ್ಲ. ಅದನ್ನು ತಿದ್ದಿ ಮತ್ತೆ ಹಾಡಿಸಲು ಆ ಮಕ್ಕಳೂ ಇಂದು ಮಕ್ಕಳಾಗಿ ಉಳಿದಿಲ್ಲ. ನನ್ನದೆಂದು ಒಪ್ಪಿಕೊಳ್ಳುವುದಷ್ಟೇ ಉಳಿದಿದೆ.

ಅವನ ಹೆಸರನ್ನು ಇಲ್ಲಿ ಬರೆಯಲಾರೆ. ಅಂದು ನನ್ನೊಡನೆ ನಕ್ಕ ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ದಯವಿಟ್ಟು ಇದನ್ನು ಓದಿ ಹೇಳಿರಿ. ಮೇಷ್ಟ್ರು ಕ್ಷಮೆ ಕೇಳಿದ್ದಾರೆ, ಕ್ಷಮಿಸಲೇಬೇಕೆಂದು ಕೇಳಿಲ್ಲ ಎಂಬುದನ್ನೂ ತಿಳಿಸಿರಿ.