ನಮ್ಮ ತಂಡವನ್ನು ಕಂಡರೆ ಇವರಿಗೇಕೆ ಆಗುವುದಿಲ್ಲ?

ಲಿವರ್‌ಪೂಲ್ ಸೋತ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಮೂವರು ಅಪರಾಧಿಗಳು ಸಿಕ್ಕಿಬೀಳುತ್ತಾರೆ: ರೆಫರಿ, ವಿಎಆರ್ ಕೊಠಡಿಯಲ್ಲಿ ಕೂತವರು ಮತ್ತು ಕಾಮೆಂಟೇಟರ್. ಮೊದಲ ಇಬ್ಬರ ಮೇಲಿನ ಸಿಟ್ಟು ಬೆಳಗಿನ ಫಜ್ರ್ ನಮಾಜಿನ ಹೊತ್ತಿಗೆ ಆರಿರುತ್ತದೆ. ಮೂರನೆಯವರ ಮೇಲಿನದು ಆರುವುದಿಲ್ಲ. ಟಿವಿಯವರಿಗೆ, ಪತ್ರಿಕೆಯವರಿಗೆ ನಮ್ಮ ಕ್ಲಬ್ಬನ್ನು ಕಂಡರೇ ಆಗುವುದಿಲ್ಲ ಎಂಬುದು ನಮ್ಮವರ ದೃಢ ನಂಬಿಕೆ. ನಮ್ಮ ಆಟಗಾರ ಬಿದ್ದರೆ ನಾಟಕ, ಅವರವನು ಬಿದ್ದರೆ ಫೌಲ್. ನಾವು ಗೆದ್ದರೆ ಅದೃಷ್ಟ, ಅವರು ಗೆದ್ದರೆ ತಂತ್ರಗಾರಿಕೆ.

ತಮಾಷೆಯೆಂದರೆ ಪಕ್ಕದ ಮಂಚದ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಯೂ ಅಕ್ಷರಶಃ ಇದೇ ಮಾತನ್ನು ಹೇಳುತ್ತಾನೆ. ಅವನ ಪ್ರಕಾರ ಇಡೀ ಇಂಗ್ಲೆಂಡಿನ ಮಾಧ್ಯಮ ಲಿವರ್‌ಪೂಲಿನ ಹೊಗಳುಭಟರ ಗುಂಪು. ನಾವಿಬ್ಬರೂ ಒಂದೇ ಪಂದ್ಯ ನೋಡಿರುತ್ತೇವೆ, ಒಂದೇ ಕಾಮೆಂಟರಿ ಕೇಳಿರುತ್ತೇವೆ. ಇಬ್ಬರೂ ಬೇಕೆಂದೇ ಸುಳ್ಳು ಹೇಳುವವರಲ್ಲ. ಹಾಗಾದರೆ ಒಂದೇ ಧ್ವನಿ ಎರಡು ಕಿವಿಗಳಿಗೆ ಎರಡು ರೀತಿ ಕೇಳಿಸುವುದು ಹೇಗೆ?

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದವರಿದ್ದಾರೆ. 1951ರ ನವೆಂಬರಿನಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ವಿದ್ಯಾಸಂಸ್ಥೆಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಬಹಳ ಒರಟು ಪಂದ್ಯ. ಪ್ರಿನ್ಸ್‌ಟನ್ನಿನ ತಾರಾ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ತಿನ ಒಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಪಂದ್ಯದ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್ನಿನವರಿಗೆ ಕಂಡವು. ಫಿಲ್ಮ್ ಒಂದೇ, ಕಣ್ಣು ಬೇರೆ.

1985ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1982ರಲ್ಲಿ ಬೈರೂತಿನ ಸಾಬ್ರಾ ಮತ್ತು ಶತೀಲಾ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಟಿವಿ ವರದಿಗಳನ್ನು ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಗಳಿಗೆ ತೋರಿಸಲಾಯಿತು. ಅವರಲ್ಲಿ ಅರಬರ ಪರ ಇದ್ದವರೂ ಇದ್ದರು, ಇಸ್ರೇಲಿನ ಪರ ಇದ್ದವರೂ ಇದ್ದರು. ಅದೇ ವರದಿ ನೋಡಿದ ಎರಡೂ ಗುಂಪು ‘ಇದು ನಮ್ಮ ವಿರುದ್ಧ ಇದೆ’ ಎಂದವು. ನಮಗೆ ಒಂದು ವಿಷಯ ಎಷ್ಟು ಹತ್ತಿರವೋ, ಅದರ ಸುದ್ದಿಯಲ್ಲಿ ಪಕ್ಷಪಾತ ಅಷ್ಟು ಬೇಗ ಕಾಣುತ್ತದೆ. ಹಾಸ್ಟೆಲಿನ ಜಗಳಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಇನ್ನೊಂದು ಅನ್ಯಾಯವಾಗುತ್ತದೆ. ‘ಎಲ್ಲವೂ ನಿಮ್ಮ ಭ್ರಮೆ’ ಎಂದು ದೂರು ಕೊಟ್ಟವರ ಬಾಯಿ ಮುಚ್ಚಿಸುವುದು ಸುಲಭವಾಗುತ್ತದೆ. ಪತ್ರಿಕೆಯೊಂದು ನಿಜವಾಗಿಯೂ ತಪ್ಪು ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ಲಿವರ್‌ಪೂಲಿನ ಇತಿಹಾಸದಲ್ಲೇ ಉದಾಹರಣೆ ಇದೆ.

1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಹೊರಗೆ ನೂಕುನುಗ್ಗಲು ಹೆಚ್ಚಿದಾಗ ಪೊಲೀಸ್ ಅಧಿಕಾರಿ ಒಂದು ದೊಡ್ಡ ಗೇಟನ್ನು ತೆರೆಸಿದರು. ಒಳಗೆ ಬಂದ ಜನ ಆಗಲೇ ತುಂಬಿದ್ದ ಕಟಕಟೆಗಳಿಗೇ ಹೋದರು. ಮುಂದೆ ಕಬ್ಬಿಣದ ಬೇಲಿ, ಹಿಂದೆ ಜನ. ಪಂದ್ಯ 3 ಗಂಟೆ 6 ನಿಮಿಷಕ್ಕೆ ನಿಂತಿತು. ಆ ದುರಂತದಲ್ಲಿ ಸತ್ತವರು ಒಟ್ಟು 97 ಮಂದಿ. ಅತಿ ಚಿಕ್ಕವನಿಗೆ 10 ವರ್ಷ. ಅವನು ಮುಂದೆ ಲಿವರ್‌ಪೂಲಿನ ನಾಯಕನಾದ ಸ್ಟೀವನ್ ಜೆರಾರ್ಡ್‌ನ ಸೋದರ ಸಂಬಂಧಿ.

ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಎಂದು ಆ ಅಧಿಕಾರಿ ಅಂದೇ ಹೇಳಿದರು. ಗೇಟು ತೆರೆಸಿದ್ದು ಅವರೇ. ನಾಲ್ಕು ದಿನಗಳ ನಂತರ ‘ದಿ ಸನ್’ ಪತ್ರಿಕೆ ಮುಖಪುಟದಲ್ಲಿ ‘ಸತ್ಯ’ ಎಂಬ ದೊಡ್ಡ ತಲೆಬರಹ ಹಾಕಿತು. ಕುಡಿದ ಅಭಿಮಾನಿಗಳು ಸತ್ತವರ ಜೇಬಿಗೆ ಕೈ ಹಾಕಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು, ಗಾಯಾಳುವಿನ ಬಾಯಿಗೆ ಉಸಿರು ಕೊಡುತ್ತಿದ್ದ ಪೊಲೀಸನನ್ನು ಹೊಡೆದರು ಎಂದು ಬರೆಯಿತು. ನಿಜದಲ್ಲಿ ಆ ಅಭಿಮಾನಿಗಳು ಜಾಹೀರಾತು ಹಲಗೆಗಳನ್ನು ಕಿತ್ತು, ಸ್ಟ್ರೆಚರ್ ಮಾಡಿಕೊಂಡು, ಗಾಯಾಳುಗಳನ್ನು ಹೊತ್ತು ಓಡಿದ್ದರು.

ಮಗನನ್ನು ಮಣ್ಣು ಮಾಡುವ ಮೊದಲೇ ಅವನು ಕುಡುಕ, ಕಳ್ಳರ ಜೊತೆಗಾರ ಎಂದು ಓದಬೇಕಾದ ತಾಯಿಯನ್ನು ಊಹಿಸಿ. ಇದು ಕಾಮೆಂಟೇಟರ್ ನಮ್ಮ ಗೋಲನ್ನು ಹೊಗಳಲಿಲ್ಲ ಎಂಬ ದೂರಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ನ್ಯಾಯಮೂರ್ತಿ ಟೇಲರ್ ತಮ್ಮ ಮಧ್ಯಂತರ ವರದಿಯಲ್ಲಿ ಪೊಲೀಸ್ ನಿಯಂತ್ರಣದ ವೈಫಲ್ಯವೇ ಮುಖ್ಯ ಕಾರಣ ಎಂದರು. ಆದರೂ ಮೊದಲು ಓಡಿದ ಸುಳ್ಳು ಓಡುತ್ತಲೇ ಇತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ಕುಟುಂಬಗಳ ತಾಳ್ಮೆ. ಆ್ಯನ್ ವಿಲಿಯಮ್ಸ್ ಎಂಬ ತಾಯಿಯ 15 ವರ್ಷದ ಮಗ ಕೆವಿನ್ ಅಲ್ಲಿ ಸತ್ತಿದ್ದ. ಮಧ್ಯಾಹ್ನ 3.15ರ ಹೊತ್ತಿಗೆ ಎಲ್ಲರ ಪರಿಸ್ಥಿತಿಯೂ ಕೈಮೀರಿತ್ತು, ಅದರ ನಂತರದ್ದನ್ನು ವಿಚಾರಿಸಬೇಕಿಲ್ಲ ಎಂದು ಮೊದಲ ವಿಚಾರಣೆಯ ಅಧಿಕಾರಿ ತೀರ್ಮಾನಿಸಿದ್ದರು. ಆ ತಾಯಿ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಹುಡುಕಿ, ಮಗ ಸುಮಾರು 4 ಗಂಟೆಯವರೆಗೂ ಜೀವಂತ ಇದ್ದನೆಂದು ಹೇಳಿಕೆಗಳನ್ನು ಕೂಡಿಸಿದರು. 2012ರಲ್ಲಿ ಸ್ವತಂತ್ರ ಸಮಿತಿಯೊಂದು ದಾಖಲೆಗಳನ್ನು ಬಹಿರಂಗ ಮಾಡಿತು. 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತು. ಅದೇ ಡಿಸೆಂಬರಿನಲ್ಲಿ ಹಳೆಯ ತೀರ್ಪುಗಳು ರದ್ದಾದವು. ಕೆಲವೇ ತಿಂಗಳಲ್ಲಿ ಆ ತಾಯಿ ತೀರಿಕೊಂಡರು. 2016ರ ಏಪ್ರಿಲ್ 26ರಂದು ಹೊಸ ಜ್ಯೂರಿ ಇವು ಕಾನೂನುಬಾಹಿರ ಹತ್ಯೆಗಳು, ಅಭಿಮಾನಿಗಳ ತಪ್ಪು ಏನೂ ಇಲ್ಲ ಎಂದಿತು. ನಡುವೆ ಕಳೆದದ್ದು 27 ವರ್ಷ.

ಆ ಪತ್ರಿಕೆ 2012ರಲ್ಲಿ ಮುಖಪುಟದಲ್ಲಿ ಕ್ಷಮೆ ಕೇಳಿತು. ಆದರೂ ಲಿವರ್‌ಪೂಲ್ ನಗರದಲ್ಲಿ ಅನೇಕರು ಇವತ್ತಿಗೂ ಅದನ್ನು ಕೊಳ್ಳುವುದಿಲ್ಲ, ಅನೇಕ ಅಂಗಡಿಗಳಲ್ಲಿ ಇಡುವುದಿಲ್ಲ. 2017ರಲ್ಲಿ ಅದರ ವರದಿಗಾರರಿಗೆ ಲಿವರ್‌ಪೂಲ್ ಕ್ಲಬ್ ಬಾಗಿಲು ಮುಚ್ಚಿತು. ಅದೇ ವರ್ಷ ಬೇರೊಂದು ಲೇಖನದ ಕಾರಣಕ್ಕೆ ಎದುರಾಳಿ ಎವರ್ಟನ್ ಕೂಡ ಮುಚ್ಚಿತು. ಮೈದಾನದಲ್ಲಿ ಕಚ್ಚಾಡುವ ಎರಡು ಕ್ಲಬ್ಬುಗಳು ಈ ಒಂದು ವಿಷಯದಲ್ಲಿ ಒಂದಾಗಿವೆ. ದೂರು ನಿಜವೆಂದು ಎದುರಾಳಿಯೂ ಒಪ್ಪುವುದು, ನನ್ನ ಮಟ್ಟಿಗೆ, ದೊಡ್ಡ ಸಾಕ್ಷಿ.

ಪಕ್ಷಪಾತವನ್ನು ತೋರಿಸಲು ಯಾವಾಗಲೂ ಇಷ್ಟು ವರ್ಷ ಬೇಕೆಂದಿಲ್ಲ. 2018ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ರಹೀಮ್ ಸ್ಟರ್ಲಿಂಗ್ ಎರಡು ಸುದ್ದಿಗಳ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಒಟ್ಟಿಗೆ ಹಾಕಿದರು. ಎರಡೂ ತಮ್ಮದೇ ತಂಡದ ಎಳೆಯ ಆಟಗಾರರು ಮನೆ ಕೊಂಡ ಸುದ್ದಿ. ಕಪ್ಪು ವರ್ಣದ ತೋಸಿನ್ ಅದರಬಿಯೋಯೋ ಬಗ್ಗೆ ಬರೆದಾಗ ಅವನ ವಾರದ ಸಂಬಳ, ಮನೆಯ ಬೆಲೆ, ಇನ್ನೂ ಒಂದು ಲೀಗ್ ಪಂದ್ಯವನ್ನೂ ಆರಂಭದಿಂದ ಆಡಿಲ್ಲ ಎಂಬ ಚುಚ್ಚುಮಾತು. ಬಿಳಿ ವರ್ಣದ ಫಿಲ್ ಫೋಡೆನ್ ಬಗ್ಗೆ ಬರೆದಾಗ ತಾಯಿಗೆ ಮನೆ ಕೊಡಿಸಿದ ಮುದ್ದಿನ ಹುಡುಗ ಎಂಬ ಧಾಟಿ. ಇಬ್ಬರೂ ಒಳ್ಳೆಯವರೇ, ಇಬ್ಬರದೂ ತಪ್ಪಿಲ್ಲ ಎಂದು ಸ್ಟರ್ಲಿಂಗ್ ಹೇಳಿದರು. ಬೈಗುಳವಿಲ್ಲ, ಕಿರುಚಾಟವಿಲ್ಲ. ಎರಡು ತಲೆಬರಹಗಳು ಅಕ್ಕಪಕ್ಕ, ಅಷ್ಟೇ. ನೋಡಿದವರಿಗೆ ಅರ್ಥವಾಯಿತು.

ಫುಟ್‌ಬಾಲಿನ ಈ ಪಾಠ ನನಗೆ ಮುಖ್ಯವಾಗಲು ಊರಿನ ಒಂದು ಘಟನೆ ಕಾರಣ. ಎರಡು ವರ್ಷಗಳ ಹಿಂದೆ ನಮ್ಮೂರ ಮೈದಾನದಲ್ಲಿ ಟೂರ್ನಮೆಂಟಿನ ಕೊನೆಗೆ ಎರಡು ತಂಡಗಳ ಹುಡುಗರು ಕೈಕೈ ಮಿಲಾಯಿಸಿದರು. ಮರುದಿನ ಒಂದು ಪತ್ರಿಕೆಯಲ್ಲಿ ಅದು ‘ಎರಡು ಕೋಮುಗಳ ಘರ್ಷಣೆ’ ಆಗಿತ್ತು. ಓದಿದವರೆಲ್ಲ ಉರಿದೆದ್ದರು. ‘ಇವರು ಯಾವಾಗಲೂ ಹೀಗೆಯೇ’ ಎಂದು ವಾಟ್ಸ್ಆ್ಯಪಿನಲ್ಲಿ ಬಂದ ಸಂದೇಶಗಳಿಗೆ ಲೆಕ್ಕವಿಲ್ಲ. ಟೂರ್ನಮೆಂಟಿನ ಸಮಿತಿಯಲ್ಲಿದ್ದ ನನ್ನ ಮಾವ ಮಾತ್ರ ಮಾತಾಡದೆ ಎರಡೂ ತಂಡಗಳ ಆಟಗಾರರ ಪಟ್ಟಿ ತೆಗೆದರು. ಎರಡರಲ್ಲೂ ಎರಡೂ ಸಮುದಾಯದ ಹುಡುಗರಿದ್ದರು. ಪಟ್ಟಿಯ ಪ್ರತಿ, ರೆಫರಿಯ ವರದಿ, ಎರಡೂ ನಾಯಕರ ಸಹಿ ಇದ್ದ ಒಂದು ಪುಟದ ಪತ್ರವನ್ನು ಸಂಪಾದಕರಿಗೆ ಕಳುಹಿಸಿದರು. ಹತ್ತು ದಿನಗಳ ನಂತರ ಒಳಪುಟದಲ್ಲಿ ನಾಲ್ಕು ಸಾಲಿನ ಸ್ಪಷ್ಟೀಕರಣ ಬಂತು. ಸುದ್ದಿಯಷ್ಟು ದೊಡ್ಡದಾಗಿರಲಿಲ್ಲ. ಆದರೆ ಬಂತು. ಮಾವ ಅದನ್ನು ಕತ್ತರಿಸಿ ಕ್ಲಬ್ಬಿನ ಗೋಡೆಗೆ ಅಂಟಿಸಿದ್ದಾರೆ.

ನಮ್ಮ ಹೆಸರುಗಳನ್ನು ಹೊತ್ತವರ ಬಗ್ಗೆ ಪತ್ರಿಕೆ ಏನು ಬರೆಯುತ್ತದೆ ಎಂದು ಸ್ವಲ್ಪ ಆತಂಕದಿಂದಲೇ ಪುಟ ತಿರುವುವ ಮನೆಗಳಿಂದ ನಮ್ಮಲ್ಲಿ ಅನೇಕರು ಬಂದಿದ್ದೇವೆ. ಆದ್ದರಿಂದ ನಾವು ಕೊಡುವ ದೂರಿಗೆ ತೂಕ ಇರಬೇಕು. ಪ್ರತಿ ಆಫ್‌ಸೈಡಿಗೂ ‘ಪಕ್ಷಪಾತ’ ಎಂದು ಕೂಗಿದರೆ, ಹಿಲ್ಸ್‌ಬರೋ ಥರದ್ದು ನಡೆದ ದಿನ ನಮ್ಮ ಮಾತನ್ನು ಕೇಳುವವರು ಇರುವುದಿಲ್ಲ. ಸುದ್ದಿ ಬಂದಾಗ ಮೊದಲು ಪರಿಶೀಲಿಸಿ ಎಂಬ ಆದೇಶ ಸೂರಾ ಹುಜುರಾತಿನಲ್ಲಿದೆ. ನಮ್ಮ ವಿರುದ್ಧ ಬಂದ ಸುದ್ದಿಗೆ ಹೇಗೋ, ‘ಅವರು ನಮ್ಮ ವಿರುದ್ಧ ಇದ್ದಾರೆ’ ಎಂದು ನಮ್ಮವರೇ ಕಳುಹಿಸುವ ಸಂದೇಶಕ್ಕೂ ಅದು ಅನ್ವಯಿಸುತ್ತದೆ ಎಂದು ನಾನು ಅಂದುಕೊಂಡಿದ್ದೇನೆ.

ಪಂದ್ಯದ ರಾತ್ರಿಗಳಿಗೆ ನನ್ನದೊಂದು ಸಲಹೆ ಇದೆ. ಕಾಮೆಂಟೇಟರ್ ನಮ್ಮ ವಿರುದ್ಧ ಎನ್ನುವವರು ಮುಂದಿನ ಪಂದ್ಯಕ್ಕೆ ಒಂದು ಹಾಳೆ, ಒಂದು ಪೆನ್ನು ತರಲಿ. ಎರಡು ಕಾಲಂ ಹಾಕಿ, ಎರಡೂ ತಂಡಗಳ ಬಗ್ಗೆ ಹೇಳಿದ ಹೊಗಳಿಕೆ, ತೆಗಳಿಕೆಗಳನ್ನು ಎಣಿಸಲಿ. ಪಕ್ಕದಲ್ಲೇ ಯುನೈಟೆಡ್ ಅಭಿಮಾನಿಯೂ ಕೂತು ಎಣಿಸಲಿ. ಕೊನೆಗೆ ಎರಡು ಹಾಳೆಗಳನ್ನೂ ಜೊತೆಗಿಟ್ಟು ನೋಡೋಣ. ಅದೇ ರೀತಿ ನಮ್ಮ ಗ್ರಂಥಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಒಂದೇ ಘಟನೆಯ ಸುದ್ದಿಯನ್ನು ಎರಡು ಕಡೆ ಓದಿ, ವ್ಯತ್ಯಾಸವನ್ನು ಬರೆದಿಡೋಣ. ಆಸಕ್ತಿ ಇದ್ದವರು ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಬನ್ನಿ. ಯುನೈಟೆಡ್ ಅಭಿಮಾನಿಗಳಿಗೂ ಸ್ವಾಗತವಿದೆ.